ಊರಿಗೆ ಹೊರಟಾಗ ಸಾಕಿದ ಹಾವನ್ನು ಎಲ್ಲಿ ಬಿಡುವುದು?

ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರಿಗೆ ನಾಯಿ, ಬೆಕ್ಕಿಗಿಂತ ಹಾವಿನ ಮೇಲೇ ಆಸೆ. ವರ್ಷಗಟ್ಟಲೆ ಗೋಗರೆದು ಅಪ್ಪ ಅಮ್ಮನನ್ನು ಒಪ್ಪಿಸಿ, ಕೋಣೆಯ ಮೂಲೆಯಲ್ಲೊಂದು ಗಾಜಿನ ಟ್ಯಾಂಕ್ ಇಡಿಸಿಕೊಳ್ಳುತ್ತಾರೆ. ಒಳಗಿರುವುದು ಸಾಮಾನ್ಯವಾಗಿ ಬಾಲ್ ಪೈಥಾನ್, ಇಲ್ಲವೇ ಕಾರ್ನ್ ಸ್ನೇಕ್. ಎರಡಕ್ಕೂ ವಿಷವಿಲ್ಲ, ಎರಡೂ ಸಾಧು. ಬೇಸಿಗೆ ರಜೆಗೋ ಡಿಸೆಂಬರ್‌ಗೋ ಬೆಂಗಳೂರಿನ ಟಿಕೆಟ್ ಬುಕ್ ಆಗುವವರೆಗೆ ಎಲ್ಲ ಸುಸೂತ್ರವಾಗಿಯೇ ನಡೆದಿರುತ್ತದೆ. ಆಮೇಲೆ ಪ್ರಶ್ನೆ ಏಳುತ್ತದೆ: ಮೂರು ನಾಲ್ಕು ವಾರ ಮನೆಗೆ ಬೀಗ ಹಾಕಿ ಹೋದರೆ ಹಾವಿನ ಗತಿ ಏನು?

ನಾಯಿಗಾದರೆ ದುಡ್ಡು ಪಡೆದು ಇಟ್ಟುಕೊಳ್ಳುವ ಬೋರ್ಡಿಂಗ್ ಉಂಟು, ಬೆಕ್ಕಿಗೆ ಪಕ್ಕದ ಮನೆಯವರು ಉಂಟು. ಹಾವು ಎಂದ ಕೂಡಲೇ ಆಪ್ತ ಸ್ನೇಹಿತರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಸಲಹೆ ಕೇಳಿದರೆ ಒಬ್ಬರು "ಹಾವು ತಿಂಗಳುಗಟ್ಟಲೆ ಉಪವಾಸ ಇರುತ್ತೆ, ಚಿಂತೆ ಬಿಡಿ" ಎನ್ನುತ್ತಾರೆ, ಇನ್ನೊಬ್ಬರು "ಎರಡು ದಿನಕ್ಕೂ ಒಂಟಿಯಾಗಿ ಬಿಡಬೇಡಿ" ಎನ್ನುತ್ತಾರೆ. ಎರಡನ್ನೂ ಹಾಗೆಯೇ ನಂಬುವಂತಿಲ್ಲ. ಮನೆಯಲ್ಲಿ ಒಂಟಿಯಾಗಿ ಬಿಡುವುದು, ಪರಿಚಯದವರು ಬಂದು ನೋಡಿ ಹೋಗುವುದು, ದುಡ್ಡು ಕೊಟ್ಟು ಸಿಟ್ಟರ್ (ಮನೆಗೇ ಬಂದು ಪ್ರಾಣಿಯನ್ನು ನೋಡಿಕೊಳ್ಳುವವರು) ಗೊತ್ತು ಮಾಡುವುದು, ಸ್ನೇಹಿತರ ಮನೆಗೆ ಸಾಗಿಸುವುದು, ಬೋರ್ಡಿಂಗ್‌ಗೆ ಒಪ್ಪಿಸುವುದು ಎಂಬ ಐದು ದಾರಿಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂದು ಇಲ್ಲಿ ತೂಗಿ ನೋಡಿದ್ದೇನೆ. ನಾವಿರುವುದು ಟೆಕ್ಸಸ್‌ನ ಡಾಲಸ್ ಕಡೆ, ಸಾಕಿರುವುದು ಬಾಲ್ ಪೈಥಾನ್. ಆದ್ದರಿಂದ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ, ಬೆಳೆದ ಹಾವಿಗೆ ಒಂದು ತಿಂಗಳವರೆಗೂ ತನ್ನದೇ ಟ್ಯಾಂಕ್ ಎಲ್ಲಕ್ಕಿಂತ ಒಳ್ಳೆಯ ಜಾಗ. ಆದರೆ ಪ್ರವಾಸ ಒಂದು ವಾರ ದಾಟುವುದಾದರೆ ವಾರಕ್ಕೆ ಎರಡು ಸಲವಾದರೂ ಬಂದು ಕಣ್ಣಿಟ್ಟು ನೋಡುವ ಮನುಷ್ಯ ಬೇಕೇ ಬೇಕು. ಆ ಮನುಷ್ಯ ಸಿಗದಿದ್ದಾಗ, ಇಲ್ಲವೇ ಹಾವು ಮರಿಯೋ ರೋಗಿಯೋ ಆಗಿದ್ದಾಗ ಮಾತ್ರ ಹೊರಗಿನ ಜಾಗ ಹುಡುಕಬೇಕು.

ಊಟದ ಚಿಂತೆ ಕಡಿಮೆ ಮಾಡಿಕೊಳ್ಳಿ

ಬೆಳೆದ ಬಾಲ್ ಪೈಥಾನ್‌ಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಒಂದು ಇಲಿ ಸಾಕು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹುಲ್ಲುಗಾವಲುಗಳಿಂದ ಬಂದ ಜೀವಿ ಇದು. ಅಲ್ಲಿನ ಋತುಮಾನಕ್ಕೆ ಒಗ್ಗಿಕೊಂಡು, ತಾನಾಗಿಯೇ ತಿಂಗಳುಗಟ್ಟಲೆ ಊಟ ಬಿಡುವುದೂ ಉಂಟು. ಅದರಲ್ಲೂ ಗಂಡು ಹಾವು ಬೆದೆಯ ಕಾಲದಲ್ಲಿ ಇಲಿಯನ್ನು ಮೂಸಿಯೂ ನೋಡುವುದಿಲ್ಲ. ಬೆಳೆದ ಕಾರ್ನ್ ಸ್ನೇಕ್‌ಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ಊಟ. ಅದೂ ಒಂದೆರಡು ಊಟ ತಪ್ಪಿದರೆ ಕಂಗೆಡುವುದಿಲ್ಲ.

ಮರಿಗಳ ಲೆಕ್ಕವೇ ಬೇರೆ. ಮೊಟ್ಟೆಯೊಡೆದು ಕೆಲವೇ ತಿಂಗಳಾದ ಹಾವಿಗೆ ವಾರಕ್ಕೊಂದು ಸಲ ಊಟ ಬೇಕು, ಮೈಯಲ್ಲಿ ಕೂಡಿಟ್ಟ ಕೊಬ್ಬು ಇರುವುದಿಲ್ಲ, ನೀರಿನ ಕೊರತೆ ಬೇಗ ಕಾಡುತ್ತದೆ. ಗಾರ್ಟರ್ ಸ್ನೇಕ್ ಸಾಕಿದವರೂ ಈ ಗುಂಪಿಗೇ ಸೇರುತ್ತಾರೆ. ಮೀನು, ಎರೆಹುಳು ತಿನ್ನುವ ಈ ಚುರುಕು ಹಾವಿಗೆ ತಿಂದದ್ದು ಬೇಗ ಕರಗುತ್ತದೆ, ಹೊಲಸೂ ಹೆಚ್ಚು, ನೀರೂ ಹೆಚ್ಚು ಬೇಕು. ಗ್ರೀನ್ ಟ್ರೀ ಪೈಥಾನ್‌ನಂಥ ಮರದ ಹಾವುಗಳಿಗೆ ದಿನವೂ ನೀರು ಸಿಂಪಡಿಸಬೇಕು. ಇಂಥವನ್ನು ಸಾಕಿದವರು ಕೆಳಗೆ ಬರುವ 'ಒಂಟಿಯಾಗಿ ಬಿಡುವುದು' ಎಂಬ ಭಾಗವನ್ನು ತಮಗಲ್ಲವೆಂದು ದಾಟಿಬಿಡಬಹುದು.

ಹೊರಡುವ ಮುನ್ನ ಮಾಡಬೇಕಾದ ಒಂದು ಲೆಕ್ಕ ಮಾತ್ರ ಮುಖ್ಯ. ಕೊನೆಯ ಊಟ ಕೊಡುವುದು ಹೊರಡುವ ಹಿಂದಿನ ದಿನವಲ್ಲ, ಕನಿಷ್ಠ ಐದರಿಂದ ಏಳು ದಿನ ಮೊದಲು. ಹೊಟ್ಟೆಯಲ್ಲಿ ಇಲಿ ಇರುವಾಗ ಟ್ಯಾಂಕ್ ತಣ್ಣಗಾದರೆ ಅದು ಜೀರ್ಣವಾಗದೆ ವಾಂತಿಯಾಗುತ್ತದೆ, ಹಾವಿಗೆ ಅದು ದೊಡ್ಡ ಹೊಡೆತ. ಮುಂಚಿತವಾಗಿ ತಿನ್ನಿಸಿದರೆ ನೀವಿರುವಾಗಲೇ ಮಲವಿಸರ್ಜನೆ ಆಗಿ, ಟ್ಯಾಂಕ್ ಚೊಕ್ಕಟ ಮಾಡಿ ಹೋಗಬಹುದು. "ನಾವಿಲ್ಲದಾಗ ಹಸಿದರೆ ಇರಲಿ" ಎಂದು ಜೀವಂತ ಇಲಿಯನ್ನು ಒಳಗೆ ಬಿಟ್ಟು ಹೋಗುವುದಂತೂ ಕೂಡದು. ಹಸಿದ ಇಲಿ ಹಾವಿನ ಬೆನ್ನನ್ನೇ ಕಚ್ಚಿ ಎಲುಬು ಕಾಣುವಂತೆ ಮಾಡಬಲ್ಲದು.

ನಿಜವಾದ ಅಪಾಯ: ಬಿಸಿ, ನೀರು, ಸಂದು

ಹಾವು ತನ್ನ ಮೈಯ ಬಿಸಿಯನ್ನು ತಾನೇ ತಯಾರಿಸಿಕೊಳ್ಳಲಾರದು. ಟ್ಯಾಂಕ್‌ನ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇದ್ದರೆ ಅತ್ತಿಂದಿತ್ತ ಸರಿದು ಸರಿಮಾಡಿಕೊಳ್ಳುತ್ತದೆ. ಬಾಲ್ ಪೈಥಾನ್‌ಗೆ ಬೆಚ್ಚನೆಯ ತುದಿಯಲ್ಲಿ 88ರಿಂದ 92 ಡಿಗ್ರಿ ಫ್ಯಾರನ್‌ಹೀಟ್ (31–33 ಸೆಲ್ಸಿಯಸ್), ತಂಪು ತುದಿಯಲ್ಲಿ 76ರಿಂದ 80 (24–27 ಸೆಲ್ಸಿಯಸ್) ಇರಬೇಕು. ಕಾರ್ನ್ ಸ್ನೇಕ್‌ಗೆ ಬೆಚ್ಚನೆಯ ತುದಿ 85–88 ಇದ್ದರೆ ಸಾಕು. ಇದನ್ನು ಕಾಯ್ದುಕೊಡುವುದು ಟ್ಯಾಂಕ್‌ನ ಅಡಿಯ ಹೀಟ್ ಮ್ಯಾಟ್ ಅಥವಾ ಮೇಲಿನ ಹೀಟ್ ಬಲ್ಬ್, ಅದನ್ನು ಅಂಕೆಯಲ್ಲಿಡುವುದು ಥರ್ಮೋಸ್ಟಾಟ್. ನೀವಿಲ್ಲದ ತಿಂಗಳು ಹಾವಿನ ಜೀವ ಇರುವುದು ಈ ಥರ್ಮೋಸ್ಟಾಟ್‌ನ ಕೈಯಲ್ಲಿ.

ಥರ್ಮೋಸ್ಟಾಟ್ ಎರಡು ಥರ ಕೆಡುತ್ತದೆ. ಆರಿಹೋಗಿ ಕೆಟ್ಟರೆ ಟ್ಯಾಂಕ್ ಮೆಲ್ಲಗೆ ತಣ್ಣಗಾಗುತ್ತದೆ, ಬೆಳೆದ ಹಾವು ಕೆಲವು ದಿನ ತಡೆದುಕೊಳ್ಳುತ್ತದೆ. ಉರಿಯುತ್ತಲೇ ಇದ್ದು ಕೆಟ್ಟರೆ ಹೀಟ್ ಮ್ಯಾಟ್ ಕಾದು ಹಾವಿನ ಹೊಟ್ಟೆ ಸುಟ್ಟುಹೋಗುತ್ತದೆ. ಎರಡನೆಯದು ಗಂಟೆಗಳ ಮಾತು. ಇದಕ್ಕೆ ಅಗ್ಗದ ಉಪಾಯವೊಂದಿದೆ: ಎರಡು ಥರ್ಮೋಸ್ಟಾಟ್ ಸಾಲಾಗಿ ಜೋಡಿಸುವುದು. ಗೋಡೆಯ ಪ್ಲಗ್‌ಗೆ ಮೊದಲನೆಯದು, ಅದಕ್ಕೆ ಎರಡನೆಯದು, ಎರಡನೆಯದಕ್ಕೆ ಮ್ಯಾಟ್. ಎರಡನೆಯದನ್ನು 90ಕ್ಕೆ, ಮೊದಲನೆಯದನ್ನು ನಾಲ್ಕೈದು ಡಿಗ್ರಿ ಮೇಲಕ್ಕೆ ಇಟ್ಟರೆ, ಒಂದು ಕೈಕೊಟ್ಟರೂ ಇನ್ನೊಂದು ಕರೆಂಟ್ ಕಡಿಯುತ್ತದೆ. ಸೆನ್ಸರ್‌ನ ತುದಿಯನ್ನು ಮ್ಯಾಟ್ ಮೇಲೆ ಗಟ್ಟಿಯಾಗಿ ಕೂರಿಸಿ. ಹಾವು ಅದನ್ನು ಎಳೆದು ನೀರಿನ ಬೋಗುಣಿಗೆ ಬೀಳಿಸಿದರೆ, ತಣ್ಣನೆಯ ನೀರನ್ನು ಅಳೆಯುತ್ತಿರುವ ಥರ್ಮೋಸ್ಟಾಟ್ "ಇನ್ನೂ ಬಿಸಿ ಬೇಕು" ಎಂದೇ ತಿಳಿದು ಮ್ಯಾಟನ್ನು ಉರಿಸುತ್ತಲೇ ಇರುತ್ತದೆ. ಅಂಟುವ ಟೇಪನ್ನು ಮಾತ್ರ ಟ್ಯಾಂಕ್ ಒಳಗೆ ಬಳಸಬೇಡಿ, ಹಾವಿನ ಚರ್ಮಕ್ಕೆ ಮೆತ್ತಿಕೊಂಡರೆ ಬಿಡಿಸುವುದು ಘೋರ ಕೆಲಸ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ವಿಷಯ ಮನೆಯ ಹೀಟಿಂಗ್. ಡಿಸೆಂಬರ್‌ನಲ್ಲಿ ತಿಂಗಳು ಪೂರ್ತಿ ಹೊರಟಾಗ ಬಿಲ್ ಉಳಿಸಲು ಮನೆಯ ಹೀಟರ್ ಅನ್ನು 55ಕ್ಕೆ ಇಳಿಸಿ ಹೋಗುವ ರೂಢಿ ನಮ್ಮವರಲ್ಲಿ ಇದೆ. ಆದರೆ ಹೀಟ್ ಮ್ಯಾಟ್ ತನ್ನ ಮೇಲಿನ ಜಾಗವನ್ನು ಬೆಚ್ಚಗಿಡುತ್ತದೆಯೇ ಹೊರತು ಟ್ಯಾಂಕ್‌ನ ಗಾಳಿಯನ್ನಲ್ಲ. ಕೋಣೆ 55 ಆದರೆ ತಂಪು ತುದಿಯೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ. ಹಾವು ಮ್ಯಾಟ್ ಬಿಟ್ಟು ಕದಲಲಾರದೆ, ನೀರಿನ ಬಳಿಗೂ ಹೋಗದೆ, ಉಸಿರಾಟದ ಸೋಂಕು ಹಚ್ಚಿಕೊಳ್ಳುತ್ತದೆ. ಮನೆಯನ್ನು 72ರ ಆಸುಪಾಸಿನಲ್ಲೇ (22 ಸೆಲ್ಸಿಯಸ್) ಬಿಟ್ಟು ಹೋಗಿ, ಆ ಖರ್ಚನ್ನು ಪ್ರಯಾಣದ ಲೆಕ್ಕಕ್ಕೇ ಸೇರಿಸಿ. "ಚಳಿಗಾಲದಲ್ಲಿ ಹಾವು ಹೇಗೂ ನಿದ್ದೆ ಹೋಗುತ್ತದಲ್ಲ" ಎಂದು ಬಿಸಿ ಆರಿಸುವ ಯೋಚನೆ ಬೇಡ. ಬಾಲ್ ಪೈಥಾನ್ ಹಾಗೆ ಚಳಿನಿದ್ದೆ ಮಾಡುವ ಜಾತಿಯೇ ಅಲ್ಲ. ಕಾರ್ನ್ ಸ್ನೇಕ್ ಮಾಡುತ್ತದೆ ನಿಜ, ಅದಕ್ಕೂ ಹೊಟ್ಟೆ ಖಾಲಿ ಮಾಡಿಸಿ, ವಾರಗಟ್ಟಲೆ ಮೆಲ್ಲಮೆಲ್ಲನೆ ತಂಪು ಮಾಡುತ್ತ ಬರಬೇಕು, ನೋಡಿಕೊಳ್ಳುವವರು ಎದುರಿಗಿರಬೇಕು.

ನೀರಿನ ಕಥೆ ಚಿಕ್ಕದು, ಆದರೆ ಅಷ್ಟೇ ಗಂಭೀರ. ಉಪವಾಸ ತಡೆಯುವ ಹಾವು ಬಾಯಾರಿಕೆ ತಡೆಯುವುದಿಲ್ಲ. ಬೋಗುಣಿ ದೊಡ್ಡದಿದ್ದರೂ ಹಾವು ಅದರಲ್ಲೇ ಮಲ ಮಾಡಿಬಿಡಬಹುದು, ಬೋಗುಣಿಯನ್ನೇ ಮಗುಚಬಹುದು. ಆಗ ಹತ್ತು ದಿನಕ್ಕೆಂದು ಇಟ್ಟ ನೀರು ಮೊದಲ ದಿನವೇ ಕೆಟ್ಟುಹೋದಂತೆ. ಬುಡ ಭಾರವಾಗಿರುವ ಎರಡು ಬೋಗುಣಿ, ಟ್ಯಾಂಕ್‌ನ ಎರಡು ತುದಿಗೆ ಒಂದೊಂದು ಇಡಿ. ತೇವಾಂಶ 55ರಿಂದ 70 ಶೇಕಡಾ ಉಳಿಯಲು ಒದ್ದೆ ಪಾಚಿ ತುಂಬಿದ ಡಬ್ಬಿಯೊಂದನ್ನೂ ಇಟ್ಟರೆ ಪೊರೆ ಬಿಡುವ ಹೊತ್ತಿಗೆ ಅನುಕೂಲ. ಹೊರಡುವ ವಾರದಲ್ಲಿ ಹಾವಿನ ಕಣ್ಣು ಹಾಲಿನಂತೆ ನೀಲಿಗಟ್ಟಿದ್ದರೆ ಪೊರೆ ಬಿಡುವ ಕಾಲ ಹತ್ತಿರವಾಗಿದೆ ಎಂದರ್ಥ. ಒಣಗಿದ ಟ್ಯಾಂಕ್‌ನಲ್ಲಿ ಕಣ್ಣಿನ ಮೇಲಿನ ಪೊರೆ ಹಾಗೇ ಅಂಟಿ ಉಳಿಯುತ್ತದೆ.

ಇನ್ನು ಸಂದು. ಕಾರ್ನ್ ಸ್ನೇಕ್ ತಲೆ ತೂರುವಷ್ಟು ಜಾಗ ಸಿಕ್ಕರೆ ಇಡೀ ಮೈ ತೂರಿಸುತ್ತದೆ. ಮುಚ್ಚಳಕ್ಕೆ ಕ್ಲಿಪ್, ಜಾರುವ ಗಾಜಿಗೆ ಬೀಗ, ವೈರ್ ಹೋಗುವ ತೂತಿಗೆ ಬಿಗಿಯಾದ ಬಿರಡೆ, ಇಷ್ಟನ್ನು ಹೊರಡುವ ದಿನವೇ ಬೆರಳಿಟ್ಟು ಪರೀಕ್ಷಿಸಿ.

ಒಂಟಿಯಾಗಿ ಬಿಡುವುದು

ವಾರಾಂತ್ಯಕ್ಕೆ ಆಸ್ಟಿನ್‌ಗೋ ಹ್ಯೂಸ್ಟನ್‌ಗೋ ಹೋಗಿ ಬರುವವರು, ಐದಾರು ದಿನಕ್ಕೆ ಯೆಲ್ಲೋಸ್ಟೋನ್ ನೋಡಲು ಹೋಗುವವರು ಬೇರೇನೂ ಯೋಚಿಸಬೇಕಿಲ್ಲ. ಬೆಳೆದ, ಆರೋಗ್ಯವಂತ ಹಾವನ್ನು ಮೇಲಿನ ವ್ಯವಸ್ಥೆಯೊಂದಿಗೆ ಒಂದು ವಾರ ಬಿಡಬಹುದು. ಹಾವಿಗೆ ಒಂಟಿತನದ ಬೇಸರವೆಂಬುದಿಲ್ಲ. ಸಾಗಿಸುವುದು, ಹೊಸ ಜಾಗ, ಹೊಸ ವಾಸನೆ, ಹೊಸ ಕೈಗಳು ಅದಕ್ಕೆ ಹೆಚ್ಚು ಕಾಟ ಕೊಡುತ್ತವೆ. ವಾರದ ಪ್ರವಾಸಕ್ಕೆ ಬೋರ್ಡಿಂಗ್ ಹುಡುಕುವುದು ನನ್ನ ಮಟ್ಟಿಗೆ ಹಾವಿಗೆ ಮಾಡುವ ಉಪಕಾರವಲ್ಲ.

ಹತ್ತು ದಿನ ದಾಟಿತೆಂದರೆ ಒಂಟಿಯಾಗಿ ಬಿಡುವುದು ಸಲ್ಲದು. ಎಲ್ಲ ಸರಿಯಿದ್ದರೆ ಹಾವು ಬದುಕೀತು, ಆದರೆ ಒಂದೇ ಒಂದು ತಪ್ಪಿದರೂ ಗೊತ್ತಾಗುವುದು ನೀವು ವಾಪಸು ಬಂದಾಗ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಹಿಮಗಾಳಿ ಬೀಸಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟ್ ಹೋದದ್ದು ಇಲ್ಲಿನವರಿಗೆ ನೆನಪಿದೆ. ದಿನಗಟ್ಟಲೆ ಮನೆಯೊಳಗೇ ಕೈಕಾಲು ಮರಗಟ್ಟುವ ಚಳಿ. 2019ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಲಕ್ಷಾಂತರ ಮನೆಗಳ ಕರೆಂಟ್ ಅನ್ನು ಬೇಕೆಂದೇ ಕಡಿತ ಮಾಡಿದ್ದರು. ಇಂಥ ದಿನ ಬಾಗಿಲು ತೆರೆದು ಒಳಹೋಗಬಲ್ಲವರು ಯಾರಾದರೂ ಇರಬೇಕು.

"ವೈಫೈ ಕ್ಯಾಮೆರಾ ಇದೆ, ತಾಪಮಾನ ಫೋನಿಗೇ ಬರುತ್ತದೆ" ಎನ್ನುವವರಿದ್ದಾರೆ. ಕ್ಯಾಮೆರಾ, ಗೋವಿಯಂಥ ವೈಫೈ ಥರ್ಮಾಮೀಟರ್ ಖಂಡಿತ ಇಡಿ, ನಾನೂ ಇಡುತ್ತೇನೆ. ಆದರೆ ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತಾಗ "102 ಡಿಗ್ರಿ" ಎಂದು ಫೋನ್ ಕೂಗಿದರೆ ಡಾಲಸ್‌ನಲ್ಲಿ ಆಗ ನಡುರಾತ್ರಿ ಹನ್ನೆರಡೂವರೆ. ಯಾರನ್ನು ಎಬ್ಬಿಸುತ್ತೀರಿ, ಅವರ ಬಳಿ ಕೀಲಿ ಇದೆಯೇ? ಸ್ಮಾರ್ಟ್ ಪ್ಲಗ್ ಬಳಸುವವರು ಇನ್ನೊಂದನ್ನು ಪರೀಕ್ಷಿಸಿ: ಕರೆಂಟ್ ಹೋಗಿ ಬಂದ ಮೇಲೆ ಅದು ತಾನೇ ಆನ್ ಆಗುತ್ತದೆಯೇ? ಕೆಲವು ಆಫ್ ಆಗಿಯೇ ಉಳಿಯುತ್ತವೆ.

ಪರಿಚಯದವರು ಬಂದು ನೋಡಿ ಹೋಗುವುದು

ಊರಿಗೆ ಹೋಗುವ ಮೂರು ನಾಲ್ಕು ವಾರಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಕನ್ನಡ ಸಂಘದ ಪರಿಚಯದಲ್ಲಿ, ಮಗಳ ಗೆಳತಿಯರ ಮನೆಗಳಲ್ಲಿ ಹುಡುಕಿದರೆ ಒಬ್ಬರು ಸಿಕ್ಕೇ ಸಿಗುತ್ತಾರೆ. ಹಾವನ್ನು ಎತ್ತಿ ಆಡಿಸುವ ಧೈರ್ಯ ಅವರಿಗೆ ಬೇಕಿಲ್ಲ. ಹಾವು ಮೂಲೆಯ ಅಡಗುತಾಣದಲ್ಲಿ ಮಲಗಿರುವಾಗ ಇತ್ತ ಕೈ ಹಾಕಿ ಬೋಗುಣಿ ತೆಗೆಯುವಷ್ಟು ಧೈರ್ಯ ಸಾಕು. ಅತ್ಯುತ್ಸಾಹದ ಯುವಕನಿಗಿಂತ ಸ್ವಲ್ಪ ಹೆದರುವ, ಆದರೆ ಹೇಳಿದ್ದನ್ನು ಹೇಳಿದಂತೆ ಮಾಡುವ ಗೃಹಸ್ಥರೇ ಈ ಕೆಲಸಕ್ಕೆ ಹೆಚ್ಚು ಸೂಕ್ತ. ಉತ್ಸಾಹಿಗಳು ಹಾವನ್ನು ಹೊರತೆಗೆದು ಫೋಟೊಗೆ ನಿಲ್ಲುತ್ತಾರೆ, ಮುಚ್ಚಳ ಹಾಕುವಾಗ ಕ್ಲಿಪ್ ಮರೆಯುತ್ತಾರೆ.

ಊಟ ಹಾಕುವ ಕೆಲಸವನ್ನು ಅವರಿಗೆ ವಹಿಸಲೇಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳು ಶುದ್ಧ ಸಸ್ಯಾಹಾರಿ. ಫ್ರೀಜರ್‌ನಿಂದ ಇಲಿ ತೆಗೆದು, ಬಿಸಿನೀರಿನಲ್ಲಿ ಕರಗಿಸಿ, ಚಿಮಟದಲ್ಲಿ ಹಿಡಿದು ಹಾವಿನೆದುರು ಆಡಿಸಿ ಎಂದು ಪಕ್ಕದ ಮನೆಯ ಆಂಟಿಗೆ ಹೇಳುವುದು ಅನ್ಯಾಯ. ಬೆಳೆದ ಹಾವಿಗೆ ಆ ಒಂದು ತಿಂಗಳು ಊಟವೇ ಬೇಡ ಎಂದಾದರೆ ನೋಡಿಕೊಳ್ಳುವವರು ಸಿಗುವುದು ಎಷ್ಟೋ ಸುಲಭವಾಗುತ್ತದೆ. ತಿಂದ ಎರಡು ದಿನ ಹಾವನ್ನು ಮುಟ್ಟಬಾರದು, ವಾಂತಿಯಾದರೆ ಗುರುತಿಸಬೇಕು, ತಿನ್ನದೆ ಬಿಟ್ಟ ಇಲಿಯನ್ನು ಎಸೆಯಬೇಕು. ಈ ತೊಡಕುಗಳೆಲ್ಲ ಅದರೊಂದಿಗೇ ಹೋಗುತ್ತವೆ.

ಅವರು ಬಂದಾಗ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ದೊಡ್ಡಕ್ಷರದಲ್ಲಿ ಬರೆದು ಟ್ಯಾಂಕ್‌ನ ಗಾಜಿಗೆ ಹೊರಗಿನಿಂದ ಅಂಟಿಸಿ. ಮುಚ್ಚಳ ತೆಗೆಯುವ ಮೊದಲು ಹಾವು ಎಲ್ಲಿದೆ ನೋಡಿ. ಎರಡು ಬೋಗುಣಿಯನ್ನೂ ತೊಳೆದು ಹೊಸ ನೀರು ತುಂಬಿ, ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಮಲ ಕಂಡರೆ ಟ್ಯಾಂಕ್‌ನ ತಳಕ್ಕೆ ಹಾಸಿದ, ಅದರ ಸುತ್ತಲಿನ ಹೊಟ್ಟಿನ ಸಮೇತ ಪೇಪರ್ ಟವೆಲ್‌ನಲ್ಲಿ ತೆಗೆದುಬಿಡಿ. ಥರ್ಮಾಮೀಟರ್‌ನ ಎರಡು ಅಂಕಿ, ಬೋಗುಣಿ, ಹಾವು, ಹಾಕಿದ ಕ್ಲಿಪ್: ಈ ನಾಲ್ಕರ ಫೋಟೊ ವಾಟ್ಸ್‌ಆ್ಯಪ್‌ಗೆ ಕಳಿಸಿ. ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಕ್ಲಿಪ್‌ನ ಫೋಟೊ ಕೇಳುವುದಕ್ಕೆ ಸಂಕೋಚ ಬೇಡ, ಫೋಟೊ ತೆಗೆಯಬೇಕೆಂದಾಗ ಕ್ಲಿಪ್ ಹಾಕುವುದು ಮರೆಯುವುದಿಲ್ಲ.

ಕೈ ತೊಳೆಯುವುದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆರೋಗ್ಯವಾಗಿ ಕಾಣುವ ಹಾವೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹೊತ್ತಿರಬಹುದು. ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರು ಸರೀಸೃಪಗಳಿಂದ ದೂರವಿರಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಕೈಗೂಸಿರುವ ಮನೆಯವರನ್ನು ಈ ಕೆಲಸಕ್ಕೆ ಕೇಳಬೇಡಿ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂದರ್ಭವಿದೆ. ಊರಿನಿಂದ ಬಂದ ಅಜ್ಜ ಅಜ್ಜಿ ಮನೆಯಲ್ಲಿರುತ್ತಾರೆ, ಉಳಿದವರು ಹತ್ತು ದಿನ ಪ್ರವಾಸ ಹೋಗುತ್ತಾರೆ. ಬೇಸಿಗೆ ರಜೆಯ ಹೊತ್ತಿಗೇ ಶ್ರಾವಣ ಬರುತ್ತದೆ, ನಾಗರ ಪಂಚಮಿಯೂ ಬರುತ್ತದೆ. ಮನೆಯಲ್ಲೇ ಹಾವಿರುವಾಗ ಒಂದು ಬಟ್ಟಲು ಹಾಲಿಡಬೇಕೆಂದು ಅಜ್ಜಿಗೆ ಅನ್ನಿಸುವುದು ಸಹಜ, ಅದರಲ್ಲಿರುವುದು ಭಕ್ತಿ. ಆದರೆ ಹಾವಿಗೆ ಹಾಲು ಆಹಾರವಲ್ಲ, ಜೀರ್ಣವೂ ಆಗುವುದಿಲ್ಲ, ಬಾಯಾರಿದ ಹಾವು ಕುಡಿದರೆ ಕಾಯಿಲೆ ಬೀಳುತ್ತದೆ. ಮೊದಲೇ ಕೂತು ವಿವರಿಸಿ. "ಅಜ್ಜಿ, ಹಾಲು ಅರಿಶಿನ ದೇವರ ಮನೆಯ ಬೆಳ್ಳಿ ನಾಗನಿಗೆ, ಇದಕ್ಕೆ ಬರೀ ಶುದ್ಧ ನೀರು" ಎಂದರೆ ಹಿರಿಯರು ಒಪ್ಪುತ್ತಾರೆ. ವಯಸ್ಸು 65 ದಾಟಿದ್ದರೆ ಟ್ಯಾಂಕ್ ಒಳಗೆ ಕೈಹಾಕುವ ಕೆಲಸವನ್ನು ಬೇರೆಯವರಿಗೆ ಕೊಟ್ಟು, ಅವರು ಹೊರಗಿನಿಂದ ಅಂಕಿ ಓದಿ ಫೋನಿನಲ್ಲಿ ಹೇಳುವಂತೆ ಮಾಡಿ.

ದುಡ್ಡು ಕೊಟ್ಟು ಸಿಟ್ಟರ್

ಪರಿಚಯದವರು ಯಾರೂ ಒಪ್ಪದಿದ್ದರೆ ಮುಂದಿನ ದಾರಿ ಇದು. ರೋವರ್‌ನಂಥ ಆ್ಯಪ್‌ಗಳಲ್ಲಿರುವವರು ಹೆಚ್ಚಾಗಿ ನಾಯಿ ಬೆಕ್ಕಿನವರು. ಸರೀಸೃಪ ನೋಡಿಕೊಂಡು ಗೊತ್ತಿದೆ ಎಂದು ಬರೆದುಕೊಂಡವರನ್ನೂ ಮನೆಗೆ ಕರೆಸಿ, ಒಂದು ಸಲ ನಿಮ್ಮೆದುರೇ ಬೋಗುಣಿ ಬದಲಿಸಲು ಹೇಳಿ. ಥರ್ಮೋಸ್ಟಾಟ್ ಎಲ್ಲಿದೆ ಎಂದು ಅವರೇ ಕೇಳಿದರೆ ಒಳ್ಳೆಯ ಲಕ್ಷಣ. ಪ್ರತಿ ನಗರದಲ್ಲೂ ದರ ಬೇರೆ, ಆದರೆ ಲೆಕ್ಕದ ದಾರಿ ಒಂದೇ: ನಾಲ್ಕು ವಾರಕ್ಕೆ ಸಿಟ್ಟರ್ ಆದರೆ ಎಂಟು ಭೇಟಿ, ಬೋರ್ಡಿಂಗ್ ಆದರೆ 28 ರಾತ್ರಿ. ಒಂದು ಭೇಟಿಯ ದರ ಒಂದು ರಾತ್ರಿಯ ದರಕ್ಕಿಂತ ಹೆಚ್ಚಿದ್ದರೂ ಒಟ್ಟು ಮೊತ್ತದಲ್ಲಿ ಸಿಟ್ಟರ್ ಅಗ್ಗವಾಗುವುದೇ ಹೆಚ್ಚು. ಗಾರ್ಟರ್ ಸ್ನೇಕ್‌ಗೋ ಮರಿಗೋ ಊಟ ಹಾಕಲೇಬೇಕಾದಾಗ ಸಂಬಳ ಪಡೆಯುವ ಅನುಭವಿ ಸಿಟ್ಟರ್ ಪರಿಚಯದವರಿಗಿಂತ ಮೇಲು.

ಟ್ಯಾಂಕ್ ಸಮೇತ ಸ್ನೇಹಿತರ ಮನೆಗೆ

ಮಗಳ ಗೆಳತಿಯೊಬ್ಬಳಿಗೆ ಹಾವೆಂದರೆ ಪ್ರಾಣ, ಅವಳ ಅಪ್ಪ ಅಮ್ಮನೂ ಒಪ್ಪಿದ್ದಾರೆ ಎಂದರೆ ಒಳ್ಳೆಯದೇ. ದಿನವೂ ಕಣ್ಣೆದುರು ಇರುತ್ತದೆ. ಆದರೆ ಕೇಳಬೇಕಾದ್ದು ಕೇಳಿ. ಆ ಮನೆಯಲ್ಲಿ ಬೇರೆ ಹಾವು ಇದೆಯೇ, ಬೆಕ್ಕು ಇದೆಯೇ, ಬಾಡಿಗೆ ಮನೆಯಾದರೆ ಲೀಸ್‌ನಲ್ಲಿ ಹಾವಿಗೆ ಅವಕಾಶ ಇದೆಯೇ? ಮನೆ ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ಕಾನೂನು ನೋಡಬೇಕು. ಕೆಲವು ರಾಜ್ಯಗಳಲ್ಲಿ ಪರವಾನಗಿ ಬೇಕು. ಹವಾಯಿಯಲ್ಲಂತೂ ಹಾವು ಸಾಕುವುದೇ ಅಪರಾಧ, ದಂಡ ಎರಡು ಲಕ್ಷ ಡಾಲರ್‌ವರೆಗೂ ಹೋಗುತ್ತದೆ.

ಸಾಗಿಸುವಾಗ ದಿಂಬಿನ ಚೀಲದಂಥ ಬಟ್ಟೆಯ ಚೀಲದಲ್ಲಿ ಹಾವನ್ನಿಟ್ಟು ಬಾಯಿ ಕಟ್ಟಿ, ಗಾಳಿ ಆಡುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಕಾರನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ. ಟ್ಯಾಂಕ್ ಅನ್ನು ಹಾವಿಗಿಂತ ಒಂದು ದಿನ ಮುಂಚೆ ಸಾಗಿಸಿ, ಹೊಸ ಕೋಣೆಯಲ್ಲಿ ಬಿಸಿ ಸರಿಯಾಗಿ ನಿಂತಿದೆಯೇ ನೋಡಿ ಆಮೇಲೆ ಹಾವನ್ನು ಬಿಡಿ.

ಬೋರ್ಡಿಂಗ್

ಸರೀಸೃಪಗಳ ಅಂಗಡಿಗಳು, ಹಾವು ಸಾಕಿ ಮಾರುವ ಬ್ರೀಡರ್‌ಗಳು, ಕೆಲವು ಪಶುವೈದ್ಯರು ಹಾವುಗಳನ್ನು ಬೋರ್ಡಿಂಗ್‌ಗೆ ಇಟ್ಟುಕೊಳ್ಳುತ್ತಾರೆ. ಔಷಧಿ ನಡೆಯುತ್ತಿರುವ ಹಾವು, ವಾರಕ್ಕೊಮ್ಮೆ ತಿನ್ನಲೇಬೇಕಾದ ಮರಿ, ತೂಕ ಇಳಿದ ಹಾವು, ಎರಡು ತಿಂಗಳ ಪ್ರವಾಸ: ಇವಕ್ಕೆ ಪಶುವೈದ್ಯರ ಬಳಿಯ ಬೋರ್ಡಿಂಗ್ ಸರಿಯಾದ ಜಾಗ. ಅಸೋಸಿಯೇಷನ್ ಆಫ್ ರೆಪ್ಟೈಲ್ ಅಂಡ್ ಆಂಫಿಬಿಯನ್ ವೆಟರಿನೇರಿಯನ್ಸ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಊರಿನ ವೈದ್ಯರನ್ನು ಹುಡುಕಬಹುದು. ನಾಯಿ ಬೆಕ್ಕಿನ ವೈದ್ಯರೆಲ್ಲರಿಗೂ ಹಾವಿನ ಚಿಕಿತ್ಸೆ ಗೊತ್ತಿರುವುದಿಲ್ಲ.

ಆರೋಗ್ಯವಾಗಿರುವ ಹಾವನ್ನು ಬೋರ್ಡಿಂಗ್‌ಗೆ ಬಿಡಲು ನಾನು ಹಿಂಜರಿಯುವುದು ಅಂಟುರೋಗದ ಕಾರಣಕ್ಕೆ. ಹಾವಿನ ಮೈಗೆ ಹತ್ತುವ ಉಣ್ಣಿಯಂಥ ಮೈಟ್ ಹುಳುಗಳು ಗಸಗಸೆಗಿಂತ ಚಿಕ್ಕವು, ಒಂದು ಟ್ಯಾಂಕ್‌ನಿಂದ ಇನ್ನೊಂದಕ್ಕೆ ತಾವೇ ನಡೆದುಹೋಗುತ್ತವೆ. ಪೈಥಾನ್‌ಗಳ ಉಸಿರಾಟಕ್ಕೆ ಬಡಿಯುವ ನಿಡೋವೈರಸ್ 2014ರಲ್ಲಷ್ಟೇ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು. ಅದಕ್ಕೆ ಔಷಧಿಯಿಲ್ಲ, ಹೊತ್ತ ಹಾವು ಬಹಳ ಕಾಲ ಆರೋಗ್ಯವಾಗಿಯೇ ಕಾಣಬಹುದು. ಹೊಟ್ಟೆಗೆ ಬಡಿಯುವ ಕ್ರಿಪ್ಟೊ ಎಂಬ ಪರಾವಲಂಬಿಯೂ ಹೀಗೆಯೇ ಪಾತ್ರೆ, ಚಿಮಟ, ಕೈಗಳ ಮೂಲಕ ಹರಡುತ್ತದೆ. ಆದ್ದರಿಂದ ಬಿಡುವ ಮೊದಲು ಜಾಗವನ್ನು ಕಣ್ಣಾರೆ ನೋಡಿ. ಬೋರ್ಡಿಂಗ್ ಹಾವುಗಳ ಕೋಣೆ ಮಾರಾಟದ ಹಾವುಗಳಿಂದ ಬೇರೆಯೇ? ಪ್ರತಿ ಹಾವಿಗೂ ಬೇರೆ ಚಿಮಟ ಇದೆಯೇ? ನಿಮ್ಮದೇ ಟ್ಯಾಂಕ್ ತಂದಿಡಲು ಬಿಡುತ್ತಾರೆಯೇ? ಬರುವ ಹಾವುಗಳನ್ನು ಪರೀಕ್ಷಿಸಿಯೇ ಒಳಗೆ ಬಿಡುತ್ತಾರೆಯೇ? "ನಮ್ಮಲ್ಲಿ ಅಂಥದ್ದೇನೂ ಇಲ್ಲ ಬಿಡಿ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಮನೆಯಲ್ಲಿ ಇನ್ನೊಂದು ಹಾವಿದ್ದರೆ, ಬೋರ್ಡಿಂಗ್‌ನಿಂದ ಬಂದದ್ದನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲೇ ಇಡಬೇಕು.

ಡಿಸೆಂಬರ್‌ನ ಜಾಗಗಳು ಬೇಗ ತುಂಬುತ್ತವೆ, ಟಿಕೆಟ್ ಕೊಂಡ ವಾರವೇ ವಿಚಾರಿಸಿ.

ಜೊತೆಗೇ ಕರೆದೊಯ್ದರೆ?

ಭಾರತಕ್ಕೆ ಆಗದ ಮಾತು. ಬಾಲ್ ಪೈಥಾನ್ ವನ್ಯಜೀವಿಗಳ ವ್ಯಾಪಾರವನ್ನು ಅಂಕೆಯಲ್ಲಿಡುವ ಅಂತಾರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಪ್ರಾಣಿ, ಗಡಿ ದಾಟಿಸಲು ಎರಡೂ ಕಡೆಯ ಅನುಮತಿ ಪತ್ರ ಬೇಕು. ರಜೆಗೆಂದು ಅದನ್ನು ಮಾಡಿಸುವುದರಲ್ಲಿ ಅರ್ಥವಿಲ್ಲ. ಅಮೆರಿಕದೊಳಗಿನ ವಿಮಾನಗಳ ಕ್ಯಾಬಿನ್‌ನಲ್ಲೂ ಹಾವಿಗೆ ಜಾಗವಿಲ್ಲ. 2022ರ ಡಿಸೆಂಬರ್‌ನಲ್ಲಿ ಫ್ಲೋರಿಡಾದ ಟ್ಯಾಂಪಾ ನಿಲ್ದಾಣದ ಎಕ್ಸ್‌ರೇಯಲ್ಲಿ ಪ್ರಯಾಣಿಕರೊಬ್ಬರ ಕೈಚೀಲದೊಳಗೆ ಬೋವಾ ಹಾವೊಂದು ಸುರುಳಿ ಸುತ್ತಿ ಮಲಗಿದ್ದು ಕಂಡು ತಡೆದಿದ್ದರು.

ಕರ್ನಾಟಕದಲ್ಲಿ ಇರುವವರಿಗೆ

ನಮ್ಮ ನೆಲದ ಹಾವುಗಳನ್ನು, ಅಂದರೆ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಇವನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಬೇರೆಯವರ ಮನೆಯಲ್ಲಿ ಬಿಡುವ ಮೊದಲು ಆ ಕಾಗದಪತ್ರಗಳ ವಿಷಯ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ, ಇಲ್ಲವಾದರೆ ಉಪಕಾರ ಮಾಡಲು ಬಂದವರು ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಬೆಂಗಳೂರಿನ ಹವೆ ಹಿತವೆಂದು ಹೀಟಿಂಗ್ ಇಲ್ಲದೆ ಬಿಡಬೇಡಿ. ಡಿಸೆಂಬರ್, ಜನವರಿಯ ರಾತ್ರಿಗಳು ಈ ಹಾವಿಗೆ ತೀರಾ ತಣ್ಣಗೆ. ಮನೆಯ ಯುಪಿಎಸ್ ಲೈನ್‌ಗೆ ಹೀಟ್ ಮ್ಯಾಟ್ ಸೇರಿಸಿಕೊಂಡರೆ ಕರೆಂಟ್ ಹೋದ ಹೊತ್ತು ನಿಭಾಯಿಸಬಹುದು.

ವಾಪಸು ಬಂದ ಮೇಲೆ

ಸೂಟ್‌ಕೇಸ್ ಬಿಚ್ಚುವ ಮೊದಲು ಟ್ಯಾಂಕ್ ನೋಡಿ, ನೀರು ಬದಲಿಸಿ. ಮಗಳು ಎಷ್ಟೇ ಹಂಬಲಿಸಿದರೂ ಆ ದಿನ ಹಾವನ್ನು ಎತ್ತುವುದು ಬೇಡ, ಊಟವೂ ಬೇಡ. ಬೋರ್ಡಿಂಗ್‌ನಿಂದಲೋ ಸ್ನೇಹಿತರ ಮನೆಯಿಂದಲೋ ಬಂದಿದ್ದರೆ ಒಂದು ವಾರ ಹಾಗೇ ಬಿಡಿ, ತನ್ನದೇ ಟ್ಯಾಂಕ್‌ನಲ್ಲಿ ಇದ್ದರೆ ಎರಡು ಮೂರು ದಿನ ಸಾಕು. ಹೊರಡುವ ಮುನ್ನ ಅಡುಗೆಮನೆಯದಲ್ಲದ ಬೇರೊಂದು ತಕ್ಕಡಿಯಲ್ಲಿ ತೂಗಿ ಬರೆದಿಟ್ಟಿದ್ದರೆ ಈಗ ಮತ್ತೆ ತೂಗಿ. ಬೆಳೆದ ಹಾವು ಒಂದು ತಿಂಗಳ ಉಪವಾಸದಲ್ಲಿ ಸ್ವಲ್ಪವಷ್ಟೇ ಇಳಿದಿರಬೇಕು. ಹತ್ತು ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನ ಬಳಿ ಗುಳ್ಳೆ ಕಂಡರೆ, ನೀರಿನ ಬೋಗುಣಿಯ ತಳದಲ್ಲಿ ಕರಿಚುಕ್ಕೆಯಂಥ ಹುಳುಗಳು ಕೂತಿದ್ದರೆ ಜೆಟ್ ಲ್ಯಾಗ್ ಎಂದು ಮುಂದೂಡದೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಎಲ್ಲ ಸರಿಯಿದ್ದರೆ ಮೊದಲ ಊಟಕ್ಕೆ ಎಂದಿನದಕ್ಕಿಂತ ಒಂದು ಅಳತೆ ಚಿಕ್ಕ ಇಲಿ ಕೊಡಿ.